ಕೇಳದೆ ಒಯ್ದ ಬೀಜ

ಒಬ್ಬರ ಮೈಯಿಂದ ತೆಗೆದದ್ದು ಲೋಕಕ್ಕೆಲ್ಲಾ ಒಳ್ಳೇದು ಮಾಡಿದರ, ಅವರನ್ನ ಕೇಳದೆ ತೆಗೆದದ್ದು ತಪ್ಪಲ್ಲ ಅಂತ ಆಗತದೇನು? ನಮ್ಮ ವಾಚನಾಲಯದಾಗ ಈ ಮಾತು ಎದ್ದಾಗ ಬಹಳ ಮಂದಿ ‘ಒಳ್ಳೇದಾತಲ್ಲ, ಮುಗೀತು’ ಅಂದರು. ನನಗ ಮುಗೀತು ಅನ್ನಿಸಲಿಲ್ಲ.

ಮೊದಲು ಸಂಗತಿ ಕೇಳರಿ. ಅಮೆರಿಕಾದಾಗ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕರಿಯ ಹೆಣ್ಣುಮಗಳು ಇದ್ದಳು. ತಂಬಾಕಿನ ಹೊಲದಾಗ ದುಡಿದು ಬೆಳೆದಾಕಿ, ಐದು ಮಕ್ಕಳ ತಾಯಿ. 1951ರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿ ಬಾಲ್ಟಿಮೋರ್ ಊರಿನ ಜಾನ್ಸ್ ಹಾಪ್ಕಿನ್ಸ್ ದವಾಖಾನೆಗೆ ಹೋದಳು. ಅಲ್ಲಿ ಗಡ್ಡೆಯ ಒಂದು ಚೂರು ತೆಗೆದು ಪ್ರಯೋಗಶಾಲೆಗೆ ಕೊಟ್ಟರು. ಆಕೆಯನ್ನ ಕೇಳಲಿಲ್ಲ, ಹೇಳಲೂ ಇಲ್ಲ. ಅದೇ ವರ್ಷ ಅಕ್ಟೋಬರದಾಗ ಆಕೆ ತೀರಿಕೊಂಡಳು. ವಯಸ್ಸು ಬರೀ 31.

ಆಕೆ ಹೋದಳು, ಆ ಚೂರಿನ ಜೀವಕೋಶ ಸಾಯಲಿಲ್ಲ. ಸಕ್ಕರೆ, ಉಪ್ಪು, ರಕ್ತದ ತಿಳಿ ಕೂಡಿಸಿದ ನೀರಿನಾಗ ದಿನಕ್ಕೊಮ್ಮೆ ಇಮ್ಮಡಿ ಆದವು. ಬೀಜ ಹಂಚಿದಂಗ ಜಗತ್ತಿಗೆಲ್ಲಾ ಹಂಚಿದರು. ಇದಕ್ಕ ಸೆಲ್ ಲೈನ್ ಅಂತಾರ, ಜೀವಕೋಶದ ತಳಿ ಅಂದರೂ ನಡೀತದ. ಪೋಲಿಯೋ ಲಸಿಕೆಯ ಪರೀಕ್ಷೆಗೆ ಇವು ಬಂದವು. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ವೈರಾಣು ಕಾರಣ ಅಂತ ತಿಳೀಲಿಕ್ಕೂ ನೆರವಾದವು. ಈಗ ಅದಕ್ಕೂ ಲಸಿಕೆ ಅದ.

ಇದು ದೂರದ ಮಾತಲ್ಲ. ಬಾರ್ಶಿ ಸುತ್ತಿನ ಹಳ್ಳಿಗಳಾಗ 1987ರಿಂದ ಕ್ಯಾನ್ಸರಿನ ಲೆಕ್ಕ ಇಟ್ಟಾರ. ಹೆಂಗಸರನ್ನ ಬಹಳ ಕಾಡಿದ್ದು ಇದೇ ಕ್ಯಾನ್ಸರ್. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಇಂಥ ತಳಿಗಳನ್ನ ಕಾಪಾಡಿ ದೇಶದ ಪ್ರಯೋಗಶಾಲೆಗಳಿಗೆ ಕೊಡತದ. ಆಕಳಿಗೆ ಸೂಜಿ ಮಾಡಲಿಕ್ಕೆ ಬರೋ ಡಾಕ್ಟರ ಕ್ಯಾನಿನಾಗ ಹೊಗಿ ಆಡೋ ದ್ರವ ನೈಟ್ರೋಜನ್ ನೋಡೀರಲ್ಲ, ಜೀವಕೋಶವನ್ನೂ ಅದರಾಗೇ ಇಡತಾರ, ಸೊನ್ನೆಗಿಂತ 196 ಡಿಗ್ರಿ ಕೆಳಗ.

ಬೀಜದ ಲೆಕ್ಕ ರೈತನಿಗೆ ತಿಳೀತದ. ನಮ್ಮ ಮೋಹೋಳದ ಕೃಷಿ ಕೇಂದ್ರದಾಗ ಊರ ಮಾಲದಂಡಿ ಜೋಳದಾಗಿಂದಲೇ ಎಂ 35-1 ತಳಿ ಆರಿಸಿದರು. ಅದು ತಿರುಗಿ ನಮ್ಮ ಹಗೇವಿಗೇ ಬಂತು, ರೊಟ್ಟಿ ಆತು. ಲ್ಯಾಕ್ಸ್ ಮನೆಗೆ ಏನು ಬಂತು? ತಾಯಿಯ ಜೀವಕೋಶ ಬದುಕ್ಯಾವ ಅನ್ನೋ ಸುದ್ದಿ ಸುದ್ದಾ ಇಪ್ಪತ್ತು ವರ್ಷ ಕಳೆದ ಮ್ಯಾಲೆ ಬಂತು. ಅಷ್ಟರಾಗ ಕಂಪನಿಗಳು ಅದನ್ನ ಮಾರಿ ರೊಕ್ಕ ಮಾಡಿಕೊಂಡಿದ್ದವು. ಥರ್ಮೋ ಫಿಶರ್ ಕಂಪನಿ ಆ ಮನೆತನದ ಜೋಡಿ ರಾಜಿ ಮಾಡಿಕೊಂಡದ್ದು 2023ರಾಗ.

ನಾನು ಹಾಡಾವ, ನನಗ ಇನ್ನೊಂದು ಚುಚ್ಚತದ. ತತ್ವಪದದ ಕೊನೆಗೆ ಕಟ್ಟಿದವರ ಅಂಕಿತ ಇರತದ. ಅದನ್ನ ಬಿಟ್ಟು ಹಾಡಿದರ ಹಿರಿಯರು ಮ್ಯಾಳದಾಗೇ ತಡೀತಿದ್ದರು. ಆಕೆಯ ಹೆಸರಿನಿಂದ ಆ ತಳಿಗೆ ‘ಹೆಲಾ’ ಅಂತ ಇಟ್ಟರು ಖರೆ, ಆದರ ಬಹಳ ವರ್ಷ ‘ಹೆಲೆನ್ ಲೇನ್’ ಅಂತ ಇಲ್ಲದ ಹೆಸರು ಓಡಾಡಿತು.

ಆ ಕಾಲಕ್ಕ ಕೇಳೋ ಪದ್ಧತಿ ಇರಲಿಲ್ಲ ಅಂತಾರ, ಅದು ಖರೆ. ತಳಿ ಬೆಳೆಸಿದ ಡಾಕ್ಟರ್ ಜಾರ್ಜ್ ಗೇ ಅದನ್ನ ಮಾರಲಿಲ್ಲ, ಬೇಡಿದವರಿಗೆ ಪುಕ್ಕಟೆ ಕೊಟ್ಟರು. ಅದೂ ಒಪ್ಪೋಣ. ಆದರ ಪುಕ್ಕಟೆ ಹಂಚಿದರೂ ಮಾಲು ಇನ್ನೊಬ್ಬರದು. ಎಲ್ಲರನ್ನೂ ಕೇಳತಾ ಕೂತರ ಔಷಧ ಹುಟ್ಟೋದಿಲ್ಲ ಅನ್ನೋದನ್ನ ನಾ ಒಪ್ಪೋದಿಲ್ಲ. ಕೇಳಿದರ ಬ್ಯಾಡ ಅನ್ನೋರು ನಮ್ಮಲ್ಲಿ ಕಡಿಮಿ. ಬರಗಾಲದಾಗೂ ಬೀಜಕ್ಕ ಬಂದವರನ್ನ ಬರಿಗೈಲೆ ಕಳಿಸಿಲ್ಲ. ಕೇಳಿದರ ಅದು ದಾನ, ಕೇಳದಿದ್ದರ ಕಳವು. ಒಯ್ದ ಮಾಲು ಒಂದೇ, ಒಳ್ಳೇದೂ ಅಷ್ಟೇ ಆದೀತು, ಆದರ ಕೊಟ್ಟಾಕಿಯ ಮಾನ ಬ್ಯಾರೆ ಆಗತದ.

ಸಂಶೋಧನೆಗೆ ಮೈಯಿಂದ ಏನು ತಗೊಂಡರೂ ತಿಳಿಯೋ ಭಾಷೆಯಾಗ ಹೇಳಿ ಒಪ್ಪಿಗೆ ಪಡೀಬೇಕು, ಒಲ್ಲೆ ಅಂದರೂ ಉಪಚಾರ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಹೇಳತದ. ಅಕ್ಕಲಕೋಟ ಸೀಮೆಯ ನಮ್ಮ ತಾಯಂದಿರಿಗೆ ಬರೋದು ಕನ್ನಡ. ದವಾಖಾನೆಯ ಕಾಗದ ಇರೋದು ಮರಾಠಿಯಾಗ, ಇಲ್ಲಾ ಇಂಗ್ಲಿಷಿನಾಗ. ತಿಳೀದ ಕಾಗದಕ್ಕ ಒತ್ತಿದ ಹೆಬ್ಬಟ್ಟು ಒಪ್ಪಿಗೆ ಹ್ಯಾಂಗ ಆದೀತು? ಗುರುಗಳೇ, ಕಲಿತ ಹುಡುಗ ಹುಡುಗಿಯರೇ, ಊರಿನವರ ಜೋಡಿ ದವಾಖಾನೆಗೆ ಹೋದಾಗ ಆ ಕಾಗದ ಕನ್ನಡದಾಗ ಓದಿ ಹೇಳರಿ. ಕೊಡೋದು ಬಿಡೋದು ಆಮೇಲೆ ಅವರೇ ಹೇಳಲಿ.