ಕಿರಣೋತ್ಸವದ ಉಪದೇಶ



ಕರವೀರ ಕ್ಷೇತ್ರವೆಂದು ಪುರಾಣಪ್ರಸಿದ್ಧವಾದ ಕೊಲ್ಹಾಪುರದಲ್ಲಿ ಜಗನ್ಮಾತೆಯಾದ ಶ್ರೀ ಮಹಾಲಕ್ಷ್ಮಿಯು ಪಶ್ಚಿಮಾಭಿಮುಖಳಾಗಿ ನೆಲಸಿರುವಳು. ಪ್ರತಿವರ್ಷವೂ ಜನವರಿ 31ರಿಂದ ಫೆಬ್ರುವರಿ 2ರವರೆಗೆ ಒಂದು ಸಲ, ನವೆಂಬರ್ 9ರಿಂದ 11ರವರೆಗೆ ಇನ್ನೊಂದು ಸಲ, ಅಸ್ತಮಿಸುವ ಸೂರ್ಯನ ಕಿರಣಗಳು ಮಹಾದ್ವಾರವನ್ನು ಹೊಕ್ಕು ಗರ್ಭಗೃಹದವರೆಗೂ ಸಾಗಿ ಬರುತ್ತವೆ. ಮೊದಲನೆಯ ದಿನ ಅವು ದೇವಿಯ ಪಾದಗಳನ್ನು ಮುಟ್ಟುವುವು. ಎರಡನೆಯ ದಿನ ಎದೆಯವರೆಗೆ ಏರುವುವು. ಮೂರನೆಯ ದಿನ ಶ್ರೀಮುಖವನ್ನು ಬೆಳಗುವುವು. ಇದೇ ಕಿರಣೋತ್ಸವ. ಮೋಡ ಕವಿದಾಗ, ಧೂಳು ಮುಸುಕಿದಾಗ, ನಡುವೆ ಕಟ್ಟಡಗಳು ಅಡ್ಡ ಬಂದಾಗ, ಕಿರಣವು ಅರ್ಧದಾರಿಯಲ್ಲಿಯೇ ನಿಂತುಹೋಗುವ ವರ್ಷಗಳೂ ಉಂಟು. ಆದರೆ ಆ ಕಾರಣಕ್ಕಾಗಿ ಯಾರೂ ಬಾಗಿಲನ್ನು ಮುಚ್ಚುವುದಿಲ್ಲ. ಭಕ್ತರು ಮರುವರ್ಷ ಬರುವುದನ್ನು ಬಿಡುವುದೂ ಇಲ್ಲ. ಬಾಗಿಲನ್ನು ತೆರೆದಿಟ್ಟು ಕಾಯುವುದು ಮನುಷ್ಯನ ಪಾಲಿನ ಕರ್ತವ್ಯ. ಬೆಳಕನ್ನು ಕಳುಹಿಸುವುದು ದೇವರ ಪಾಲಿನದು.

ಶ್ರದ್ಧೆಯೆಂಬ ಮಾತಿನ ಅರ್ಥವೆಲ್ಲವೂ ಇಷ್ಟರಲ್ಲಿಯೇ ಅಡಗಿದೆ. ಆದರೆ ಗುಡಿಯಲ್ಲಿ ಕಲಿತ ಈ ಪಾಠವನ್ನು ಮನೆಯಲ್ಲಿ, ಅದರಲ್ಲಿಯೂ ಬುದ್ಧಿಯ ಬೆಳವಣಿಗೆ ನಿಧಾನವಾದ, ಮಾತು ಬಾರದ, ಉಳಿದವರಂತೆ ಆಡಿ ನಲಿಯಲಾರದ ಮಗುವಿನ ಎದುರಿನಲ್ಲಿ, ಎಷ್ಟು ಜನರು ನೆನೆಯುವರು? ಇದಕ್ಕೆ ಒಂದು ದೃಷ್ಟಾಂತವನ್ನು ಕೇಳಬೇಕು.

ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗದ ಮೇಲೆ ದುಡಿಯುವ ಒಬ್ಬ ಗೃಹಸ್ಥನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಅವನಿಗೆ ಹತ್ತು ವರ್ಷದ ಒಬ್ಬನೇ ಮಗ. ಹುಡುಗನು ಮಾತನಾಡಲಿಲ್ಲ, ಹೆಸರು ಹಿಡಿದು ಕರೆದರೆ ತಿರುಗಿ ನೋಡಲಿಲ್ಲ. ಒಮ್ಮೆ ಜಾತ್ರೆಯಲ್ಲಿ ಅವನು ಕಿರುಚಿಕೊಂಡಾಗ ಸುತ್ತಲಿನವರು ಆಡಿದ ಮಾತು ತಂದೆಯ ಎದೆಯಲ್ಲಿ ನೆಟ್ಟುಹೋಯಿತು. ಅಂದಿನಿಂದ ಅವನು ಮಗನನ್ನು ಗುಡಿಗೆ ಕರೆದೊಯ್ಯುವುದನ್ನೇ ಬಿಟ್ಟನು. ಬೇಸಿಗೆಯ ರಜೆಯಲ್ಲಿ ತಾಯಿಯು ಹುಡುಗನೊಡನೆ ಗಡಹಿಂಗ್ಲಜ ತಾಲೂಕಿನಲ್ಲಿ ಹಿರಣ್ಯಕೇಶಿಯ ದಂಡೆಗಿರುವ ತನ್ನ ತವರಿಗೆ ಬಂದಳು. ಅಲ್ಲಿಯ ಗುಡಿಯ ಸಭಾಮಂಟಪದಲ್ಲಿ ಮಕ್ಕಳಿಗಾಗಿ ಹತ್ತು ದಿನಗಳ ಶಿಬಿರ ನಡೆದಿತ್ತು. ಭಜನೆ, ಯೋಗಾಸನ, ಕಥಾಶ್ರವಣ ಮುಂತಾದವು ಅಲ್ಲಿಯ ಕಾರ್ಯಕ್ರಮಗಳು. ಈ ಹುಡುಗನ ಯೋಗಕ್ಷೇಮವನ್ನು ಕಾಲೇಜಿನಲ್ಲಿ ಓದುವ ಒಬ್ಬ ತರುಣನಿಗೆ ಒಪ್ಪಿಸಿದರು.

ತರುಣನು ಶ್ರದ್ಧಾವಂತನು, ಉತ್ಸಾಹಿಯು. ಸಮಾರೋಪದ ದಿನ ಈ ಬಾಲಕನು ಎಲ್ಲರೆದುರಿಗೆ ನಿಂತು ತನ್ನ ಹೆಸರನ್ನು ಹೇಳಬೇಕೆಂದು ಅವನು ಸಂಕಲ್ಪ ಮಾಡಿದನು. ಮುಂಜಾನೆ ಮೊದಲು ಮಾಡಿ ಸಂಜೆಯವರೆಗೆ ಅದೇ ಪಾಠ. ಬಾಲಕನಾದರೋ ಮೂಲೆಯಲ್ಲಿ ಕುಳಿತು ಒಂದು ಮಣೆಯನ್ನು ಒಂದೇ ಸಮನೆ ಬಡಿಯುತ್ತಿದ್ದನು. ಮೂರನೆಯ ದಿನ ತರುಣನು ಬೇಸತ್ತು ಆ ಮಣೆಯನ್ನು ಕಸಿದುಕೊಂಡನು. ಬಾಲಕನು ತನ್ನ ಹಣೆಯನ್ನು ಕಂಬಕ್ಕೆ ಬಡಿದುಕೊಳ್ಳತೊಡಗಿದನು. ಎಲ್ಲರೂ ಗಾಬರಿಯಾಗಿ ಓಡಿಬಂದರು. ಅಡುಗೆಯ ಕೆಲಸಕ್ಕೆಂದು ಬಂದಿದ್ದ ಒಬ್ಬ ಮುದುಕಿಯು ಮಾತ್ರ ಮಣೆಯನ್ನು ಬಾಲಕನ ಮುಂದೆ ತಿರುಗಿ ಇಟ್ಟು ತರುಣನಿಗೆ ಹೇಳಿದಳು: “ಯಪ್ಪಾ, ನೀ ಅವಂಗ ಏನ ಕಲಸಾಕತ್ತೀ ಅಂತ ಮೂರ ದಿನದಿಂದ ನೋಡಾಕತ್ತೀನಿ. ಅವ ನಿನಗ ಏನ ಹೇಳಾಕತ್ತಾನ ಅಂತ ಒಂದ ದಿನಾರ ಕೇಳೀಯೇನು?”

ತರುಣನಿಗೆ ನಾಚಿಕೆಯಾಯಿತು. ಅವನು ಪಾಠವನ್ನು ಬಿಟ್ಟು ಬಾಲಕನ ಪಕ್ಕದಲ್ಲಿ ಸುಮ್ಮನೆ ಕುಳಿತನು. ಕಿವಿಗೊಟ್ಟು ಕೇಳಿದಾಗ, ಆ ಬಡಿತವು ಹುಚ್ಚು ಬಡಿತವಾಗಿರಲಿಲ್ಲ, ಅದಕ್ಕೊಂದು ಲಯವಿತ್ತು. ನಡುವೆ ತಟ್ಟನೆ ನಿಲ್ಲುವುದು, ಕ್ಷಣಕಾಲ ಕಾಯುವುದು, ಮತ್ತೆ ಆರಂಭವಾಗುವುದು. ತರುಣನು ತನ್ನ ಬೆರಳುಗಳಿಂದ ನೆಲದ ಮೇಲೆ ಅದನ್ನೇ ಅನುಕರಿಸಿದನು. ಬಾಲಕನು ಮೊದಲ ಸಲ ತಲೆಯೆತ್ತಿ ಅವನ ಕಡೆಗೆ ನೋಡಿದನು. ಮರುದಿನ ಅವನ ಕೈ ಹಿಡಿದು ಮಣೆಯ ಮೇಲಿಟ್ಟುಕೊಂಡನು. ಉಳಿದ ದಿನಗಳು ಹಾಗೆಯೇ ಕಳೆದುವು. ಹೆಸರನ್ನು ಹೇಳಿಸುವ ಸಂಕಲ್ಪ ಅಲ್ಲಿಗೇ ನಿಂತಿತು.

ಸಮಾರೋಪದ ದಿನ ತಂದೆಯು ರಾತ್ರಿಯ ಪಾಳಿ ಮುಗಿಸಿಕೊಂಡು, ನಿದ್ದೆಗೆಟ್ಟ ಕಣ್ಣುಗಳಿಂದ, ಎಲ್ಲರ ಹಿಂದೆ ಬಂದು ಕುಳಿತನು. ಉಳಿದ ಮಕ್ಕಳು ಹಾಡಿದರು, ಕಥೆ ಹೇಳಿದರು. ಇವನ ಮಗನು ಮಣೆಯನ್ನು ಬಡಿದನು, ಅಷ್ಟೆ. ಕೆಲವರು ಮುಸಿಮುಸಿ ನಕ್ಕರು. ಆದರೆ ತಂದೆಯು ಎದ್ದು ನಿಂತನು. “ಇದು ನಮ್ಮ ಮಗ್ಗದ ಸಪ್ಪಳ ಐತಿ. ನೂಲ ಹರದಾಗ ಮಗ್ಗ ನಿಲ್ಲೂದು, ಜೋಡಿಸಿದ ಮ್ಯಾಲ ಮತ್ತ ಹೊಂಡೂದು, ಎಲ್ಲಾ ಹಂಗ ಐತಿ. ಇವ ನನ್ನ ಗುರತಾನ ಹಿಡಿಯಾಂಗಿಲ್ಲ ಅಂತ ಇಷ್ಟ ವರ್ಷ ತಿಳದಿದ್ನೆಲ್ಲಾ!” ಎಂದವನೇ ಹೋಗಿ ಮಗನ ಎದುರಿಗೆ ಕುಳಿತು ಮಣೆಯ ಮೇಲೆ ತನ್ನ ಕೈಯನ್ನಿಟ್ಟನು. ಮಗನು ಆ ಕೈಯನ್ನು ತಳ್ಳಲಿಲ್ಲ.

ಬಾಲಕನು ಅಂದು ಮಾತನಾಡಲಿಲ್ಲ. ಮುಂದೆಯೂ ಮಾತನಾಡಿದನೆಂದು ಈ ದೃಷ್ಟಾಂತವು ಹೇಳುವುದಿಲ್ಲ. ಕಿರಣವು ಪಾದವನ್ನು ಮುಟ್ಟಿತು. ಶ್ರೀಮುಖವನ್ನು ಇನ್ನೂ ಮುಟ್ಟಿರಲಿಲ್ಲ. ಪಾದವನ್ನು ಮುಟ್ಟಿದ ದಿನವೂ ಉತ್ಸವದ ದಿನವೇ ಎಂಬುದನ್ನು ಮರೆಯಬಾರದು.

ಶಾಸ್ತ್ರ ಪುರಾಣಗಳು ಈ ವಿಷಯದಲ್ಲಿ ಮೌನವಾಗಿಲ್ಲ. ಶ್ರೀಮದ್ಭಾಗವತದ ಪಂಚಮ ಸ್ಕಂಧದಲ್ಲಿ ಬರುವ ಜಡಭರತನನ್ನು ಲೋಕವು ಮಂದಮತಿಯೆಂದೇ ಎಣಿಸಿತು. ರಹೂಗಣ ರಾಜನ ಪಲ್ಲಕ್ಕಿಯನ್ನು ಹೊತ್ತಾಗ ಅವನ ಹೆಜ್ಜೆ ಉಳಿದವರ ಹೆಜ್ಜೆಗೆ ಕೂಡಲಿಲ್ಲ; ರಾಜನು ಸಿಟ್ಟಾದನು. ನೆಲದ ಮೇಲಿನ ಜೀವಿಗಳನ್ನು ತುಳಿಯಬಾರದೆಂದು ಅವನು ನೋಡಿ ನೋಡಿ ಹೆಜ್ಜೆಯಿಡುತ್ತಿದ್ದನೆಂಬುದು ರಾಜನಿಗೆ ತಿಳಿದಿರಲಿಲ್ಲ. ಶಂಕರವಿಜಯದಲ್ಲಿ ಪ್ರಭಾಕರನೆಂಬ ಬ್ರಾಹ್ಮಣನು ಮಾತನಾಡದ, ಆಟವಾಡದ ತನ್ನ ಮಗನನ್ನು ಶ್ರೀ ಶಂಕರಾಚಾರ್ಯರ ಮುಂದೆ ತಂದು ನಿಲ್ಲಿಸಿ ತನ್ನ ದುಃಖವನ್ನು ತೋಡಿಕೊಂಡನು. ಆಚಾರ್ಯರು ತಂದೆಯ ವರದಿಯಿಂದ ತೃಪ್ತರಾಗದೆ, ನೀನು ಯಾರೆಂದು ಆ ಬಾಲಕನನ್ನೇ ಕೇಳಿದರು. ಅವನೇ ಮುಂದೆ ಅವರ ಶಿಷ್ಯನಾದ ಹಸ್ತಾಮಲಕನು. ಮಾತು ಬಾರದ ಪ್ರತಿಯೊಂದು ಮಗುವೂ ಗುಪ್ತಜ್ಞಾನಿಯೆಂಬುದು ಇದರ ತಾತ್ಪರ್ಯವಲ್ಲ. ಹಾಗೆ ತಿಳಿಯುವುದೂ ಮಗುವಿನ ಮೇಲೆ ಇನ್ನೊಂದು ಭಾರವನ್ನು ಹೊರಿಸಿದಂತೆಯೇ. ಜ್ಞಾನಿಯಾಗಿರಲಿ, ಆಗದಿರಲಿ, ಮಗುವನ್ನೇ ಕೇಳಬೇಕು, ಉತ್ತರ ಬರುವವರೆಗೆ ಕಾಯಬೇಕು. ಇದೇ ಆಚಾರ್ಯರು ನಡೆದು ತೋರಿಸಿದ ದಾರಿ.

ಇಲ್ಲಿ ಒಂದು ಕಠಿಣವಾದ ಮಾತನ್ನು ಆಡಲೇಬೇಕಾಗಿದೆ. ಇಂತಹ ಮಗು ಹುಟ್ಟಿದಾಗ, ತಾಯಿತಂದೆಗಳ ಪೂರ್ವಜನ್ಮದ ಪಾಪವೆಂದು ಧರ್ಮದ ಹೆಸರಿನಲ್ಲಿಯೇ ಹೇಳುವವರಿದ್ದಾರೆ. ಡೌನ್ ಸಿಂಡ್ರೋಮ್ ಎಂಬ ಸ್ಥಿತಿಗೆ ಜೀವಕೋಶದಲ್ಲಿಯ 21ನೆಯ ವರ್ಣತಂತುವಿನ ಒಂದು ಪ್ರತಿಯು ಹೆಚ್ಚಾಗಿರುವುದೇ ಕಾರಣವೆಂದು ವೈದ್ಯಶಾಸ್ತ್ರವು 1959ರಲ್ಲಿಯೇ ಕಂಡುಕೊಂಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಬುದ್ಧಿಯ ನ್ಯೂನತೆಯನ್ನೂ ಆಟಿಸಂ ಎಂಬುದನ್ನೂ ಅವುಗಳಲ್ಲಿ ಸೇರಿಸಿದೆ. ಕರ್ಮಸಿದ್ಧಾಂತವು ಮನುಷ್ಯನು ತನ್ನ ನಡೆಯನ್ನು ತಾನು ತಿದ್ದಿಕೊಳ್ಳಲೆಂದು ಇರುವುದೇ ಹೊರತು, ನೊಂದ ತಾಯಿಯ ಮೇಲೆ ತೀರ್ಪು ಕೊಡಲೆಂದಲ್ಲ. ಪರರ ಖಾತೆಯಲ್ಲಿ ಪಾಪವನ್ನು ಖರ್ಚು ಬರೆಯುವವನು ತನ್ನ ಕೀರ್ದಿಯಲ್ಲಿ ಪುಣ್ಯವನ್ನು ಜಮಾ ಮಾಡಿಕೊಳ್ಳಲಾರನು.

ಬಾಗಿಲು ತೆರೆದಿಟ್ಟವರಿಂದ ಏನಾಗುವುದೆಂಬುದಕ್ಕೆ ನಿದರ್ಶನಗಳು ದೂರವಿಲ್ಲ. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು ಅಂಧ ಬಾಲಕರನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇಟ್ಟುಕೊಂಡು ಅನ್ನವಿಕ್ಕಿ ಸಂಗೀತವನ್ನು ಕಲಿಸಿದರು. ಶೈಶವದಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜರು ಅವರ ಶಿಷ್ಯರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜರು 2010ರವರೆಗೂ ಆ ಬಾಗಿಲನ್ನು ತೆರೆದೇ ಇಟ್ಟರು. ಕೊಲ್ಹಾಪುರದಲ್ಲಿಯೇ ನಸೀಮಾ ಹುರಜೂಕ ಎಂಬ ತಾಯಿಯು ತಾರುಣ್ಯದ ಹೊಸ್ತಿಲಲ್ಲಿ ಕಾಲುಗಳ ಸ್ವಾಧೀನ ತಪ್ಪಿ ಗಾಲಿಕುರ್ಚಿಯನ್ನು ಆಶ್ರಯಿಸಿದವರು. ಅವರು 1984ರಲ್ಲಿ ‘ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ ತಮ್ಮಂತಹ ಇತರರಿಗೆ ಆಸರೆಯಾದರು. ಗದಗಿನ ಗುರುಗಳ ಮತ ಬೇರೆ, ಈ ತಾಯಿಯ ಮತ ಬೇರೆ. ಸೇವೆಯ ದೇವರು ಒಬ್ಬನೇ.

ಗ್ರಾಮದ ಭೂಮಿಯ ಲೆಕ್ಕದಲ್ಲಿ ‘ಖರಾಬು’ ಎಂಬ ಒಂದು ಬಾಬು ಉಂಟು. ಬೆಳೆಯಿಲ್ಲದ ನೆಲ, ಅದಕ್ಕೆ ಆಕಾರವಿಲ್ಲ, ಕಂದಾಯವಿಲ್ಲ. ಆದರೆ ಊರಿನ ದಾರಿ ಹಾದುಹೋಗುವುದು, ಕೆರೆಯ ನೀರು ನಿಲ್ಲುವುದು ಬಹುಮಟ್ಟಿಗೆ ಇಂತಹ ನೆಲದ ಮೇಲೆಯೇ. ಕಂದಾಯ ಬಾರದ ನೆಲವಿಲ್ಲದಿದ್ದರೆ ಕಂದಾಯ ಬರುವ ಹೊಲಕ್ಕೆ ಹೋಗುವ ದಾರಿಯೇ ಇರುತ್ತಿರಲಿಲ್ಲ. ನೆಲದಲ್ಲಿ ಖರಾಬು ಇದ್ದೀತು. ದೇವರ ಪುಸ್ತಕದಲ್ಲಿ ಖರಾಬೆಂದು ಬರೆದ ಮನುಷ್ಯನು ಒಬ್ಬನೂ ಇಲ್ಲ. ದುಡಿಯಲಾರದ, ಓದಲಾರದ ಮಗುವಿನ ದಾರಿಯಿಂದಲೇ ಎಷ್ಟೋ ಮನೆಗಳಿಗೆ ತಾಳ್ಮೆಯೂ ಕರುಣೆಯೂ ನಡೆದು ಬಂದಿವೆ.

ಜೀರ್ಣೋದ್ಧಾರವೆಂದರೆ ಬಿರುಕು ಬಿಟ್ಟ ಗೋಡೆಯನ್ನು ಕಟ್ಟುವುದು, ಶಿಖರಕ್ಕೆ ಕಲಶವನ್ನು ಏರಿಸುವುದು ಮಾತ್ರವಲ್ಲ. ದೇಹವನ್ನೇ ದೇಗುಲವೆಂದು ಸಾರಿದ ಶರಣರ ನಾಡಿನಲ್ಲಿ, ನಡೆಯಲಾರದವನು ಹತ್ತುವಂತೆ ಮೆಟ್ಟಿಲ ಮಗ್ಗುಲಿಗೆ ಒಂದು ಇಳಿಜಾರು ದಾರಿ ಇದೆಯೇ? ಜಾತ್ರೆಯ ಗದ್ದಲಕ್ಕೆ ಬೆದರುವ ಮಗುವು ತಾಯಿಯೊಡನೆ ಕುಳಿತುಕೊಳ್ಳಲು ಒಂದು ಶಾಂತವಾದ ಮೂಲೆ ಇದೆಯೇ? ಆ ಮಗುವು ಕಿರುಚಿದಾಗ ತಿರುಗಿ ದುರುಗುಟ್ಟಿ ನೋಡದ ಭಕ್ತರಿದ್ದಾರೆಯೇ? ಹೊಸ ಕಲ್ಲುಗಳು ಈ ಪ್ರಶ್ನೆಗಳನ್ನು ಕೇಳದಿರಲಾರವು.

ಆ ಮಗ್ಗದ ಗೃಹಸ್ಥನು ಮರುವರ್ಷದ ಜಾತ್ರೆಗೆ ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಬಂದನು. ಕಂಕುಳಲ್ಲಿ ಆ ಮಣೆಯಿತ್ತು. ಅಂತಹ ತಂದೆಯೂ ಅಂತಹ ಮಗನೂ ಬಂದಾಗ ಗುಡಿಯ ಬಾಗಿಲು ತೆರೆದಿರಲಿ. ಭಕ್ತರ ಎದೆಯ ಬಾಗಿಲು ಅದಕ್ಕೂ ಮುಂಚೆಯೇ ತೆರೆದಿರಲಿ. ಜಗನ್ಮಾತೆಯು ಸರ್ವರಿಗೂ ಕಾಯುವ ತಾಳ್ಮೆಯನ್ನು ಅನುಗ್ರಹಿಸಲಿ.