ಚಾಸಿ ಬದಲಾದ ಮೇಲೆ ಬಂಡಿ ಯಾವುದು?

ಒಂದು ವಸ್ತುವಿನ ಭಾಗಗಳನ್ನು ಬದಲಿಸುತ್ತ ಹೋದರೆ ಅದು ಎಲ್ಲಿಯವರೆಗೆ ಅದೇ ವಸ್ತುವಾಗಿ ಉಳಿಯುತ್ತದೆ? ಗ್ರೀಕರು ಥೀಸಿಯಸ್‌ನ ಹಡಗನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಚರ್ಚಿಸಿದರು. ನಮ್ಮ ಆಚಾರ್ಯರು ದ್ರವ್ಯ-ಪರ್ಯಾಯಗಳ ಪರಿಭಾಷೆಯಲ್ಲಿ ವಿವೇಚಿಸಿದರು. ಇಂಗ್ಲೆಂಡಿನಲ್ಲಿ ಅದು ಹಳೆಯ ಬಂಡಿಗಳನ್ನು ದುರಸ್ತಿ ಮಾಡುವ ಷೆಡ್ಡುಗಳಲ್ಲಿ ಎದ್ದು ನಿಂತಿದೆ. ಅಲ್ಲಿ ಹಣವೂ ಕಾನೂನೂ ಕೊಟ್ಟ ಮಾತೂ ಅದಕ್ಕೆ ತಳುಕು ಹಾಕಿಕೊಂಡಿರುವುದರಿಂದ ಶ್ರಾವಕರಾದ ನಮಗೂ ಅದು ವಿಚಾರಣೀಯವಾಗಿದೆ.

1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಮೋಟಾರು ಪ್ರದರ್ಶನದಲ್ಲಿ ರೋವರ್ ಕಂಪನಿಯು ಲ್ಯಾಂಡ್ ರೋವರ್ ಬಂಡಿಯನ್ನು ಜನರ ಮುಂದಿಟ್ಟಿತು. ಯುದ್ಧಾನಂತರದ ಬ್ರಿಟನ್ನಿನಲ್ಲಿ ಉಕ್ಕಿನ ಅಭಾವವಿದ್ದುದರಿಂದ ಮೇಲಿನ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. ಕೆಳಗಿನ ಚಾಸಿ ಮಾತ್ರ ಉಕ್ಕಿನದೇ: ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ಟೊಳ್ಳು ತೊಲೆಗಳ ಏಣಿ. ಪರಿಣಾಮ ವಿಚಿತ್ರವಾಯಿತು. ಮೈ ಎಪ್ಪತ್ತು ವರ್ಷ ಬಾಳಿದರೂ ಬೆನ್ನೆಲುಬು ಅದಕ್ಕಿಂತ ಬಹಳ ಮುಂಚೆಯೇ ಸೋಲುತ್ತದೆ. ಹೊಲದ ಕೆಸರೂ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪೂ ಟೊಳ್ಳಿನೊಳಗೆ ಸೇರಿ, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ತಿಂದು ಮುಗಿಸಿರುತ್ತದೆ. ಆಗ ಮಾಲಿಕನಿಗೆ ಎರಡೇ ದಾರಿ: ತೇಪೆ ಬೆಸೆಯಿಸುತ್ತ ಹೋಗುವುದು, ಇಲ್ಲವೇ ಸುಮಾರು 450 ಡಿಗ್ರಿ ಸೆಲ್ಸಿಯಸ್ ಶಾಖದ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಹೊಸ ಚಾಸಿಯ ಮೇಲೆ ಹಳೆಯ ಬಂಡಿಯನ್ನೆಲ್ಲ ಕಟ್ಟಿಸುವುದು. (ಮಾರಾಟಕ್ಕೆ ಮುನ್ನ ಪರೀಕ್ಷೆಗೆಂದು ತಯಾರಾದ ಮೊದಲ 48 ಬಂಡಿಗಳ ಚಾಸಿಗೆ ಸತುವಿನ ಲೇಪವಿತ್ತು, ಮುಂದೆ ಅದನ್ನು ಕೈಬಿಟ್ಟರು. ಹೊಸತನ್ನು ಹಾಕಿಸಿದವನು ತನ್ನ ಬಂಡಿಯ ಮೂಲರೂಪದಿಂದ ದೂರ ಸರಿದನೋ, ಮೂಲ ಉದ್ದೇಶಕ್ಕೆ ಹತ್ತಿರವಾದನೋ!)

ಅಲ್ಲಿನ ಸರಕಾರ ಬಂಡಿಯ ಗುರುತನ್ನು ಬಹುಕಾಲ ಅಂಕಗಳಿಂದ ಅಳೆಯಿತು. ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್‌ಗಳು, ಗೇರು ವ್ಯವಸ್ಥೆ, ಸ್ಟೀರಿಂಗ್ ಇವುಗಳಿಗೆ ತಲಾ 2, ಎಂಜಿನ್ನಿಗೆ 1. ಎಂಟು ಅಂಕ ಬಂದರೆ ಹಳೆಯ ನೋಂದಣಿ ಸಂಖ್ಯೆ ಉಳಿಯುತ್ತಿತ್ತು. ಅದೇ ಮಾದರಿಯ ಹೊಸ ಚಾಸಿಗೂ ಐದು ಅಂಕ ಸಲ್ಲುತ್ತಿತ್ತು. ಬೇರೊಂದು ಬಂಡಿಯಿಂದ ಕಳಚಿ ತಂದುದಕ್ಕೆ ಇಲ್ಲ. 2025ರ ಆಗಸ್ಟ್‌ನಿಂದ, ಮೂಲದಂತೆಯೇ ಕಾಣುವ ಹಾಗೂ ನೋಂದಣಿ ಪತ್ರದ ವಿವರಗಳನ್ನು ಬದಲಿಸದ ದುರಸ್ತಿಗಳನ್ನು ಇಲಾಖೆಗೆ ತಿಳಿಸಬೇಕಾಗಿಲ್ಲವೆಂದು ನಿಯಮ ಸಡಿಲಿಸಲಾಗಿದೆ. ಕಾನೂನು ಸಡಿಲವಾದಷ್ಟೂ ಮಾಲಿಕನ ಮನಸ್ಸಾಕ್ಷಿಯ ಮೇಲಿನ ಭಾರ ಹೆಚ್ಚುತ್ತದೆಂದು ನನಗೆ ತೋರುತ್ತದೆ.

ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆಯಲ್ಲಿ ಬರುವ ಚಿನ್ನದ ಕಲಶದ ದೃಷ್ಟಾಂತ ವಾಚಕರಿಗೆ ಪರಿಚಿತವಾದುದು. ಕಲಶವನ್ನು ಕರಗಿಸಿ ಕಿರೀಟ ಮಾಡಿದಾಗ ಕಲಶ ಬೇಕೆಂದವನಿಗೆ ದುಃಖ, ಕಿರೀಟ ಬೇಕೆಂದವನಿಗೆ ಹರ್ಷ, ಚಿನ್ನವಷ್ಟೇ ಬೇಕೆಂದವನು ಮಧ್ಯಸ್ಥ. ನಮ್ಮ ಬಂಡಿಗೆ ಇದನ್ನು ಹೊಂದಿಸಹೊರಟರೆ ಒಂದು ತೊಡಕು ಎದುರಾಗುತ್ತದೆ. ಅಲ್ಲಿ ಆಕಾರ ಅಳಿದು ಚಿನ್ನ ಉಳಿಯಿತು. ಇಲ್ಲಿ ಆಕಾರ ಉಳಿದು ಲೋಹವೇ ಹೊರಟುಹೋಯಿತು. ತುಕ್ಕಿಗೆ ಬಲಿಯಾದ ಉಕ್ಕು ಗುಜರಿಯಲ್ಲಿದೆ. ಹಾಗಾದರೆ ಧ್ರೌವ್ಯವೆಲ್ಲಿ?

ಬಂಡಿಯು ಒಂದು ದ್ರವ್ಯವೇ ಅಲ್ಲ, ಪುದ್ಗಲ ಪರಮಾಣುಗಳ ಸ್ಕಂಧ. ಕೂಡುವುದು, ಕಳಚುವುದು ಸ್ಕಂಧದ ಸ್ವಭಾವ. ಪರಮಾಣುಗಳಿಗೆ ಧ್ರೌವ್ಯವುಂಟು, ‘ಇದು ಅಜ್ಜನ ಬಂಡಿ’ ಎಂಬುದು ವ್ಯವಹಾರನಯದ ಮಾತು. ಹಾಗೆಂದು ಅದನ್ನು ಸುಳ್ಳೆಂದು ತಳ್ಳಲಾಗದು. ಕಾಗದಪತ್ರ, ನೆನಪು, ಒಬ್ಬರಿಂದೊಬ್ಬರಿಗೆ ದಾಟಿಬಂದ ಒಡೆತನ ಇವೆಲ್ಲ ಸೇರಿ ಆ ಮಾತನ್ನು ಎತ್ತಿಹಿಡಿದಿವೆ. ಲೋಹದಲ್ಲಿ ಆಧಾರವಿಲ್ಲದ ಗುರುತಿಗೆ ನುಡಿಯೇ ಆಧಾರವಾದುದರಿಂದ, ನುಡಿ ಕೆಟ್ಟರೆ ಅಲ್ಲಿ ಉಳಿಯುವುದೇನೂ ಇಲ್ಲ.

ಆದುದರಿಂದ ಚಾಸಿ ಬದಲಿಸುವುದರಲ್ಲಿ ದೋಷವನ್ನು ನಾನು ಕಾಣೆ. ತೇಪೆಯ ಮೇಲೆ ತೇಪೆ ಹಾಕಿದ ಚಾಸಿ ಓಟದ ನಡುವೆ ಮುರಿದರೆ ಹೋಗುವುದು ಮಾಲಿಕನ ಪ್ರಾಣ ಮಾತ್ರವಲ್ಲ, ದಾರಿಹೋಕರದೂ ಹೌದು. ಮೂಲದ ಮೇಲಿನ ಮೋಹಕ್ಕಾಗಿ ಅಂಥ ಪ್ರಮಾದಕ್ಕೆ ಎಡೆಗೊಡುವುದು ಹಿಂಸೆಗೆ ಸಮೀಪವಾದುದು. ದೋಷ ಹುಟ್ಟುವುದು ಮಾರುವ ದಿನ. ತತ್ತ್ವಾರ್ಥಸೂತ್ರವು ಪ್ರತಿರೂಪಕ ವ್ಯವಹಾರವನ್ನು, ಎಂದರೆ ಒಂದರಂತೆ ಕಾಣುವ ಮತ್ತೊಂದನ್ನು ಅದೇ ಎಂದು ಮಾರುವುದನ್ನು, ಸತ್ಯಾಣುವ್ರತದ ಅತಿಚಾರಗಳಲ್ಲಿ ಹೇಳದೆ ಅಚೌರ್ಯದ ಅತಿಚಾರಗಳಲ್ಲಿ ಎಣಿಸಿದೆ. ಹೊಸ ಚಾಸಿಯ ಮೇಲೆ ಹಳೆಯ ಸಂಖ್ಯೆಯನ್ನು ಕೊರೆದು, ಕೊಳ್ಳುವವನು ಕೇಳಲಿಲ್ಲವೆಂದು ಸುಮ್ಮನಿದ್ದವನು ಬಾಯಲ್ಲಿ ಸುಳ್ಳಾಡಿಲ್ಲ. ಆದರೆ ಬೆಲೆಯಲ್ಲಿ ಕದ್ದಿದ್ದಾನೆ.

ನಮ್ಮ ಬಸದಿಗಳ ಜೀರ್ಣೋದ್ಧಾರದಲ್ಲಿಯೂ ಇದೇ ವಿವೇಕ ಬೇಕು. ಸೀಳಿದ ಕಂಬವನ್ನು ತೆಗೆದು ಹೊಸತನ್ನು ನಿಲ್ಲಿಸಲಿ. ಯಾವುದು ಯಾವ ವರ್ಷದ್ದೆಂಬುದನ್ನು ಟ್ರಸ್ಟಿನ ದಾಖಲೆಯಲ್ಲಿ ಬರೆದಿಡಲಿ.

ಕಳಚಿದ ಹಳೆಯ ಚಾಸಿಯ ಸಂಗತಿ ಉಳಿಯಿತು. 1655ರಲ್ಲಿ ಥಾಮಸ್ ಹಾಬ್ಸ್ ಕೇಳಿದ್ದನು: ಥೀಸಿಯಸ್‌ನ ಹಡಗಿನಿಂದ ತೆಗೆದ ಹಲಗೆಗಳನ್ನೆಲ್ಲ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ನಿಜವಾದುದು ಯಾವುದು? ಗುಜರಿಗೆ ಹೋದ ಚಾಸಿಯನ್ನು ಯಾರಾದರೂ ಬೆಸೆದು ಬಂಡಿ ಕಟ್ಟಿದರೆ ಒಂದೇ ಸಂಖ್ಯೆಗೆ ಇಬ್ಬರು ಒಡೆಯರಾಗುತ್ತಾರೆ. ಸಂಖ್ಯೆಯನ್ನು ತನ್ನ ಬಂಡಿಗೆ ಇಟ್ಟುಕೊಂಡವನು ಹಳೆಯ ಚಾಸಿಯಲ್ಲಿ ಸಂಖ್ಯೆ ಕೊರೆದ ಭಾಗವನ್ನು ಕತ್ತರಿಸಿ ತೆಗೆದು, ಹೊಸ ಚಾಸಿಯ ರಸೀದಿಯೊಡನೆ ತನ್ನಲ್ಲಿಯೇ ಇಟ್ಟುಕೊಂಡು, ಬಂಡಿ ಕೈಬದಲಾಗುವ ದಿನ ಎರಡನ್ನೂ ಕೊಳ್ಳುವವನ ಕೈಗೆ ಕೊಡತಕ್ಕದ್ದು.