ಕಡಲು ಯಾರ ಮನೆ?

ರಜೆ ಹತ್ತಿರ ಬಂದಂತೆ ಮನೆಮನೆಯಲ್ಲೂ ಏಳುವ ಮಾತು: ಈ ಸಲ ಮಕ್ಕಳನ್ನು ಯಾವ ಸಮುದ್ರಕ್ಕೆ ಕರೆದುಕೊಂಡು ಹೋಗೋಣ? ಗೋಕರ್ಣವೋ ಮುರ್ಡೇಶ್ವರವೋ, ಕೈಯಲ್ಲಿ ನಾಲ್ಕು ಕಾಸು ಹೆಚ್ಚಿಗೆ ಇದ್ದರೆ ಬಾಲಿಯೋ ಮಾಲ್ದೀವ್ಸೋ. ರೂಮಿನ ಬಾಡಿಗೆ, ಊಟ, ದಾರಿಯ ದೂರ ಎಲ್ಲ ಲೆಕ್ಕಕ್ಕೆ ಬರುತ್ತವೆ. ಸಮುದ್ರಕ್ಕೂ ನಮಗೂ ಏನು ಸಂಬಂಧ ಎಂಬುದೊಂದು ಮಾತ್ರ ಬರುವುದಿಲ್ಲ. ನಮ್ಮ ಧರ್ಮಶಾಸ್ತ್ರದ ಪರಂಪರೆ ಈ ವಿಷಯದಲ್ಲಿ ಒಂದು ವಿಚಿತ್ರ ಕಟ್ಟಳೆ ಮಾಡಿಟ್ಟಿದೆ. ಅರಳಿಮರವೂ ಸಮುದ್ರವೂ ಪೂಜೆಗೆ ಅರ್ಹ, ಆದರೆ ಮನಸ್ಸು ಬಂದಾಗಲೆಲ್ಲ ಮುಟ್ಟತಕ್ಕವಲ್ಲ. ಅರಳಿಯನ್ನು ಮುಟ್ಟಲು ಶನಿವಾರ. ಸಮುದ್ರಕ್ಕೆ ಇಳಿಯಲು ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವಕಾಲ. ರಾಮೇಶ್ವರದ ಸೇತುವಿಗೊಂದು ವಿನಾಯಿತಿ, ಅಲ್ಲಿ ಯಾವಾಗ ಬೇಕಾದರೂ ಮುಳುಗಬಹುದು. ನದಿಯಲ್ಲಿ ದಿನವೂ ಮಿಂದು ಪುಣ್ಯ ಕಟ್ಟಿಕೊಳ್ಳಿ ಎಂದ ಅದೇ ಪರಂಪರೆ, ಎಲ್ಲ ನದಿಗಳೂ ಹೋಗಿ ಸೇರುವ ನೀರಿನ ಮುಂದೆ ಮಾತ್ರ ನಿಲ್ಲಿ ಎಂದಿತು.

ಏಕೆ ಎಂದು ಕೇಳಿದರೆ ಇಂದು ಸಿದ್ಧ ಉತ್ತರವೊಂದಿದೆ: ಹಿರಿಯರು ಜಾಣರು, ಜನ ಮುಳುಗಿ ಸಾಯದಿರಲಿ ಎಂದು ವಿಜ್ಞಾನವನ್ನೇ ಶಾಸ್ತ್ರದ ಭಾಷೆಯಲ್ಲಿ ಹೇಳಿದರು. ಕೇಳಲು ಹಿತವಾದ ಈ ಮಾತು ನಿಲ್ಲುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರ ಭೂಮಿ ಒಂದೇ ಸಾಲಿಗೆ ಬರುತ್ತವೆ, ಸೂರ್ಯ ಚಂದ್ರ ಎರಡರ ಸೆಳೆತವೂ ಕೂಡಿಕೊಳ್ಳುತ್ತದೆ, ಉಬ್ಬರ ಏರುವ ಎತ್ತರಕ್ಕೂ ಇಳಿತ ತಗ್ಗುವ ಮಟ್ಟಕ್ಕೂ ಅಂತರ ಅತಿ ಹೆಚ್ಚಾಗುವುದು ಆಗಲೇ. ಸುರಕ್ಷತೆಯೇ ಉದ್ದೇಶವಾಗಿದ್ದರೆ ಶಾಸ್ತ್ರಕಾರರು ಅಷ್ಟಮಿಯ ಆಸುಪಾಸನ್ನು ಆರಿಸಬೇಕಿತ್ತು. ಅವರು ಆರಿಸಿದ್ದು ಸಮುದ್ರ ತನ್ನ ಪೂರ್ಣ ಬಲದಲ್ಲಿರುವ ದಿನಗಳನ್ನು. ಹಾಗಾಗಿ ಕಟ್ಟಳೆಯ ಅರ್ಥವನ್ನು ಬೇರೆ ಕಡೆ ಹುಡುಕಬೇಕು. ಇಳಿಯುವ ದಿನವನ್ನು ನಿನ್ನ ಪುರುಸೊತ್ತು ಗೊತ್ತುಮಾಡುವುದಲ್ಲ, ಸಮುದ್ರ ಮತ್ತು ಚಂದ್ರನ ಲೆಕ್ಕ ಗೊತ್ತುಮಾಡುತ್ತದೆ ಎಂಬುದೇ ಅದರ ತಿರುಳು ಎಂದು ನನ್ನ ಎಣಿಕೆ. ಸಮುದ್ರದ ಮುಂದೆ ಮನುಷ್ಯ ಅತಿಥಿ. ಅತಿಥಿಯಾದವನು ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಾನೆ. ಮಕ್ಕಳಿಗಾಗಿ ಕಡಲತೀರವನ್ನು ಆರಿಸುವಾಗಲೂ ಮೊದಲು ಕೇಳಬೇಕಾದ್ದು ಇದು: ಆ ಊರಿನಲ್ಲಿ ಹಾಗೆ ನಿಲ್ಲಲು ಏನಾದರೂ ಕಾರಣ ಉಳಿದಿದೆಯೇ?

ಗೋಕರ್ಣದಲ್ಲಿ ಉಳಿದಿದೆ. ಅಲ್ಲಿನ ಸ್ಥಳಪುರಾಣವೇ ಒಂದು ಮಗುವಿನದು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕೈಲಾಸದಿಂದ ಆತ್ಮಲಿಂಗ ತಂದ ರಾವಣನಿಗೆ ಕಡಲತೀರದಲ್ಲಿ ಸಂಧ್ಯಾವಂದನೆಯ ಹೊತ್ತಾಗುತ್ತದೆ. ವಟುವಿನ ವೇಷದ ಗಣಪತಿಯ ಕೈಗೆ ಲಿಂಗ ಕೊಡುತ್ತಾನೆ. ಮೂರು ಸಲ ಕೂಗುತ್ತೇನೆ, ಬರದಿದ್ದರೆ ಕೆಳಗಿಡುತ್ತೇನೆ ಎನ್ನುತ್ತಾನೆ ಹುಡುಗ. ಇಟ್ಟೇಬಿಡುತ್ತಾನೆ. ಲಂಕೆಯ ಒಡೆಯ ಎಷ್ಟು ತಿರುಚಿದರೂ ಅಲುಗದ ಲಿಂಗ ಹಸುವಿನ ಕಿವಿಯಾಯಿತು, ಮಹಾಬಲೇಶ್ವರನಾಯಿತು. ದೇವರನ್ನು ಕಿತ್ತು ತನ್ನ ಊರಿಗೆ ಒಯ್ಯಬೇಕೆಂದವನು ದೊಡ್ಡವನು, ಇದ್ದಲ್ಲೇ ಇರಲಿ ಎಂದವನು ಚಿಕ್ಕವನು. ಅದು ದೇವತೆಗಳ ಹೂಟ ನಿಜ, ಆದರೂ ಆ ಕೆಲಸಕ್ಕೆ ಪುರಾಣ ಆರಿಸಿಕೊಂಡದ್ದು ಮಗುವಿನ ರೂಪವನ್ನೇ. ಆ ದೇವಾಲಯದ ಬಾಗಿಲಿನಿಂದ ಕೆಲವೇ ಹೆಜ್ಜೆಗೆ ಮರಳು ಸಿಗುತ್ತದೆ. ಅಲ್ಲಿ ಪಿಂಡ ಬಿಡುವವರೂ ದೋಣಿ ಎಳೆಯುವವರೂ ಚುರುಮುರಿ ತಿನ್ನುವವರೂ ಒಂದೇ ದಂಡೆಯಲ್ಲಿರುತ್ತಾರೆ. ಸಾವು, ಹೊಟ್ಟೆಪಾಡು, ಆಟ ಮೂರೂ ಒಂದೇ ನೀರಿನ ಅಂಚಿನಲ್ಲಿ ಇರುವುದನ್ನು ಮಗು ಯಾರ ಉಪದೇಶವೂ ಇಲ್ಲದೆ ನೋಡುತ್ತದೆ.

ಇದು ಸ್ವದೇಶದ ಹೆಚ್ಚುಗಾರಿಕೆಯ ಮಾತಲ್ಲ. ಬಾಲಿಯ ಹಿಂದೂಗಳು ಶಕವರ್ಷದ ಹೊಸದಿನವನ್ನು ‘ನ್ಯೆಪಿ’ ಎಂದು ಮೌನದಲ್ಲಿ ಆಚರಿಸುತ್ತಾರೆ. ಅದಕ್ಕೆ ಕೆಲವು ದಿನ ಮೊದಲು ದೇವಾಲಯದ ಪವಿತ್ರ ವಸ್ತುಗಳನ್ನು ಹೊತ್ತು, ಶುದ್ಧಿಗಾಗಿ ಸಮುದ್ರಕ್ಕೆ ಮೆರವಣಿಗೆ ಹೋಗುತ್ತಾರೆ. ನ್ಯೆಪಿಯ ದಿನ ಬೀದಿಯಲ್ಲಿ ಬಂಡಿಯಿಲ್ಲ, ದೀಪವಿಲ್ಲ, ವಿಮಾನ ನಿಲ್ದಾಣ 24 ಗಂಟೆ ಮುಚ್ಚುತ್ತದೆ. ಪ್ರವಾಸಿಗನೂ ಹೋಟೆಲಿನೊಳಗೇ ಇರಬೇಕು. ಎಷ್ಟು ದುಡ್ಡು ಕೊಟ್ಟರೂ ಅಂದು ಕಡಲದಂಡೆ ಸಿಗುವುದಿಲ್ಲ. ಪ್ರವಾಸೋದ್ಯಮದಿಂದಲೇ ಬಹುಪಾಲು ಬದುಕುವ ದ್ವೀಪ ವರ್ಷಕ್ಕೊಂದು ದಿನ ‘ಇಲ್ಲ’ ಎನ್ನುತ್ತದೆ. ಮಾಲ್ದೀವ್ಸಿನ ಹಲವು ರೆಸಾರ್ಟುಗಳ ಏರ್ಪಾಡು ಇದಕ್ಕೆ ತೀರ ವಿರುದ್ಧ: ಒಂದು ದ್ವೀಪಕ್ಕೆ ಒಂದೇ ರೆಸಾರ್ಟು, ಊರವರ ವಾಸ ಬೇರೆ ದ್ವೀಪಗಳಲ್ಲಿ. ನೀರು ತಿಳಿ, ಮರಳು ಬಿಳುಪು, ಮಗುವಿಗೆ ಅಪಾಯವೂ ಕಡಿಮೆ ಇರಬಹುದು. ಆದರೆ ಅಲ್ಲಿ ಸಮುದ್ರ ರೂಮಿನ ಜೊತೆ ಬಂದ ಸಾಮಾನಿನಂತೆ ಕಾಣುತ್ತದೆ. ಮನೆಯವರೇ ಇಲ್ಲದ ಮನೆಯಲ್ಲಿ ಅತಿಥಿಯಾಗುವುದು ಹೇಗೆ?

ಆಕ್ಷೇಪಗಳು ಇದ್ದೇ ಇವೆ. ಸಮುದ್ರಯಾನ ಮಾಡಿದವನನ್ನು ಜಾತಿಯಿಂದ ಹೊರಗಿಟ್ಟದ್ದೂ ಇದೇ ಶಾಸ್ತ್ರ. ಅದನ್ನು ಬಿಟ್ಟ ನಾವು ಇದನ್ನೇಕೆ ಹಿಡಿದುಕೊಳ್ಳಬೇಕು? ನ್ಯಾಯವಾದ ಪ್ರಶ್ನೆ. ಆ ನಿಷೇಧ ಮನುಷ್ಯನನ್ನು ಮನುಷ್ಯನಿಂದ ದೂರವಿಟ್ಟಿತು, ಹೋದದ್ದು ಒಳ್ಳೆಯದಾಯಿತು. ಈ ಕಟ್ಟಳೆಯನ್ನೂ ಅಕ್ಷರಶಃ ಪಾಲಿಸಿ ಎಂದು ನಾನು ಹೇಳುವುದಿಲ್ಲ; ಪಂಚಾಂಗ ನೋಡಿ ಮಗುವನ್ನು ಹುಣ್ಣಿಮೆಯ ಅಲೆಗೆ ಇಳಿಸುವುದು ಮೂರ್ಖತನ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಮಕ್ಕಳು ರಜೆಯಲ್ಲಿ ಆಡಲು ಬಂದವರು, ಅವರ ತಲೆಯ ಮೇಲೆ ಗಾಂಭೀರ್ಯ ಹೇರಬೇಡಿ. ಆದರೆ ಆಟಕ್ಕೂ ಗೌರವಕ್ಕೂ ಜಗಳ ಹಚ್ಚಿದವರು ದೊಡ್ಡವರು. ಮರಳಿನ ಗುಡಿ ಕಟ್ಟುವ ಮಗುವನ್ನು ನೋಡಿ. ಅಲೆ ಬಂದು ಕೆಡವುತ್ತದೆ ಎಂದು ಅದಕ್ಕೆ ಗೊತ್ತು, ಆದರೂ ಕಟ್ಟುತ್ತದೆ, ಕೆಡವಿದಾಗ ಕೇಕೆ ಹಾಕುತ್ತದೆ. ಸಮುದ್ರ ತನ್ನದಲ್ಲ ಎಂದು ಅಷ್ಟು ಸಲೀಸಾಗಿ ಒಪ್ಪಿಕೊಂಡವರು ದಂಡೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಮೊಬೈಲ್ ಹಿಡಿದು ‘ಇನ್ನೂ ಸ್ವಲ್ಪ ಮುಂದೆ ಹೋಗು’ ಎನ್ನುವವರು ನಾವು.

ಆ ‘ಸ್ವಲ್ಪ ಮುಂದೆ’ಯ ಬೆಲೆ ದೊಡ್ಡದು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು. ದಡಕ್ಕೆ ಬಂದ ನೀರು ಇಕ್ಕಟ್ಟಾದ ಹಾದಿಯಲ್ಲಿ ಹಿಂದಕ್ಕೆ ಹರಿಯುವ ಜಾಗ ಅಲೆಯೊಡೆಯದೆ ಶಾಂತವಾಗಿ ಕಾಣುತ್ತದೆ. ಸೆಳೆತ ಇರುವುದು ಅಲ್ಲೇ. ಘಟ್ಟದ ಮೇಲಿನವರ ಕಣ್ಣಿಗೆ ಅದು ಬೀಳುವುದಿಲ್ಲ, ದಡದಲ್ಲಿ ಹುಟ್ಟಿದವರಿಗೆ ಕಾಣುತ್ತದೆ. ಹಾಗಾಗಿ ಜೀವರಕ್ಷಕರಿರುವ ದಂಡೆಯನ್ನೇ ಆರಿಸಿ ಎನ್ನುವುದು ಈ ವಾದಕ್ಕೆ ಹೊರಗಿನ ಮಾತೇನಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ನೂಲ ಹುಣ್ಣಿಮೆಗೆ ಮೀನುಗಾರರು ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಸಮುದ್ರವನ್ನೇ ನಂಬಿದವರು ಇಷ್ಟು ಕಾಯುತ್ತಾರೆ. ಎರಡು ದಿನಕ್ಕೆ ಹೋಗುವ ನೀವು ಒಂದು ಕೆಲಸ ಮಾಡಿ: ದಂಡೆಯಲ್ಲಿ ಬಲೆ ಸರಿಮಾಡುತ್ತ ಕೂತವರ ಬಳಿಗೆ ಮಗುವನ್ನೇ ಕಳಿಸಿ, ಇವತ್ತು ನೀರಿಗೆ ಇಳಿಯಬಹುದೇ ಎಂದು ಕೇಳಿಸಿ. ಬೇಡ ಎಂದರೆ ಮರಳಿನಲ್ಲೇ ಆಡಲಿ.